ಚುಚ್ಚುವ ಹೊತ್ತಿನಲ್ಲಿ ತಾಯಿ ಎಲ್ಲಿರಬೇಕು?

(ದಾವಣಗೆರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಆಶಾ ಕಾರ್ಯಕರ್ತೆಯರ ಎದುರು ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇಪ್ಪತ್ತಮೂರು ವರ್ಷ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು. ಆ ವರ್ಷಗಳಲ್ಲಿ ನೀವು ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ಯೋಚಿಸದೆ ಉತ್ತರ ಕೊಡಬಲ್ಲೆ: "ಅಮ್ಮಾ, ಸ್ವಲ್ಪ ಹೊರಗಿರಿ." ಕೂಸಿನ ಹಿಮ್ಮಡಿ ಚುಚ್ಚಿ ಸಕ್ಕರೆ ಅಂಶ ನೋಡಬೇಕಾದಾಗ, ಕೈಯ ನರಕ್ಕೆ ಸೂಜಿ ಕೂರಿಸಬೇಕಾದಾಗ, ಮೂಗಿನ ನಳಿಕೆಗೆ ಅಂಟಿಸಿದ ಪಟ್ಟಿಯನ್ನು ಬಿಡಿಸಿ ಹೊಸದು ಹಾಕಬೇಕಾದಾಗ ಈ ಮಾತು ತಾನಾಗಿಯೇ ಬಾಯಿಗೆ ಬರುತ್ತಿತ್ತು. ಗದರುವ ದನಿಯಲ್ಲಿ ಹೇಳುತ್ತಿರಲಿಲ್ಲ. ಹೆತ್ತವಳು ಇದನ್ನೆಲ್ಲ ನೋಡಬಾರದು ಎಂಬ ಕರುಣೆಯಿಂದಲೇ ಹೇಳುತ್ತಿದ್ದೆ. ಆಕೆಯೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ ಬಾಗಿಲ ಗಾಜಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಆ ಕರುಣೆಯ ಬೆಲೆಯನ್ನು ತೆತ್ತದ್ದು ಕೂಸು ಎಂಬುದು ನನಗೆ ತಿಳಿದದ್ದು ತಡವಾಗಿ. ಇಂದಿನ ನನ್ನ ಮಾತೆಲ್ಲ ಅದನ್ನು ಕುರಿತದ್ದು.

ತಿಂಗಳು ತುಂಬುವ ಮೊದಲೇ, ಅಂದರೆ ಗರ್ಭಕ್ಕೆ 37 ವಾರ ಆಗುವುದರೊಳಗೆ ಹುಟ್ಟಿದ ಮಕ್ಕಳ ವಿಷಯ ಇದು. 2020ರಲ್ಲಿ ಜಗತ್ತಿನಲ್ಲಿ ಇಂಥ ಮಕ್ಕಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದರೆಂದೂ ಅವರಲ್ಲಿ 30 ಲಕ್ಷದಷ್ಟು ಮಕ್ಕಳು ನಮ್ಮ ದೇಶದವರೆಂದೂ ಅಂದಾಜಿದೆ. ಬೇರೆ ಯಾವ ದೇಶದಲ್ಲಿಯೂ ಸಂಖ್ಯೆ ಇಷ್ಟಿಲ್ಲ. ನಮ್ಮ ಕಡೆ ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಹರಪನಹಳ್ಳಿಯಿಂದಲೋ ಅಂಬುಲೆನ್ಸಿನಲ್ಲಿ ಕೂಸು ದಾವಣಗೆರೆಗೆ ಬರುತ್ತದೆ. ಹೊಟ್ಟೆಯ ಹೊಲಿಗೆ ಮಾಗದ ತಾಯಿ ಅಲ್ಲಿಯೇ ತಾಲ್ಲೂಕು ಆಸ್ಪತ್ರೆಯಲ್ಲಿ ಉಳಿಯುತ್ತಾಳೆ. "ಕೂಸನ್ನು ಪೆಟ್ಟಿಗೆಯಲ್ಲಿಟ್ಟಿದ್ದಾರೆ" ಎಂಬ ಸುದ್ದಿ ಫೋನಿನಲ್ಲಿ ಊರಿಗೆ ಮುಟ್ಟುತ್ತದೆ. ಪೆಟ್ಟಿಗೆ ಎಂದರೆ ಇನ್‌ಕ್ಯುಬೇಟರು. ಆ ಮಾತಿನಲ್ಲಿ ಒಂದು ನೆಮ್ಮದಿಯೂ ಇದೆ. ಪೆಟ್ಟಿಗೆಯೊಳಗೆ ಕೂಸು ಬೆಚ್ಚಗಿರುತ್ತದೆ, ನಿದ್ದೆಮಾಡುತ್ತದೆ, ಬೆಳೆಯುತ್ತದೆ ಎಂದು ಮನೆಯವರು ತಿಳಿಯುತ್ತಾರೆ.

ಪೆಟ್ಟಿಗೆಯೊಳಗೆ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಎಣಿಸಿದವರಿದ್ದಾರೆ. ಪ್ಯಾರಿಸ್ ಸುತ್ತಮುತ್ತಲಿನ ನಿಗಾ ಘಟಕಗಳಲ್ಲಿ 430 ಮಕ್ಕಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯಮಾಂಕದ ಲೆಕ್ಕದಲ್ಲಿ ಒಂದು ಕೂಸಿಗೆ ದಿನಕ್ಕೆ 10 ಸಲ ನೋವಾಗುವಂಥ ಯಾವುದಾದರೊಂದು ಕ್ರಿಯೆ ನಡೆಯುತ್ತಿತ್ತು. ಒಂದೇ ದಿನ 51 ಸಲ ನೋವುಂಡ ಕೂಸೂ ಇತ್ತು. ಆ ಕ್ರಿಯೆಗಳಲ್ಲಿ ನೂರಕ್ಕೆ 79ರಷ್ಟನ್ನು ಆ ಹೊತ್ತಿನ ನೋವಿಗೆಂದೇ ಯಾವ ಉಪಶಮನವನ್ನೂ ಕೊಡದೆ ಮಾಡಲಾಗಿತ್ತು. ಇದು ಹಣಕ್ಕೂ ಸಿಬ್ಬಂದಿಗೂ ಕೊರತೆಯಿಲ್ಲದ ಊರಿನ ಮಾತು. ನಮ್ಮ ಘಟಕದಲ್ಲಿ ನಾವು ಎಣಿಸಿರಲೇ ಇಲ್ಲ. ಎಣಿಸಿದ್ದು ಒಬ್ಬ ತಾಯಿ. ಮೂರು ವಾರದ ನಂತರ ಕೂಸನ್ನು ಮೊದಲ ಸಲ ಮಡಿಲಿಗೆ ತೆಗೆದುಕೊಂಡು, ಸಾಕ್ಸ್ ಕಳಚಿ, ಎರಡೂ ಹಿಮ್ಮಡಿಗಳ ಮೇಲಿನ ಕಪ್ಪು ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದಳು. ಮೂವತ್ತನ್ನು ದಾಟಿದ ಮೇಲೆ ನಿಲ್ಲಿಸಿ, ನನ್ನ ಮುಖ ನೋಡದೆ ಸಾಕ್ಸ್ ಮತ್ತೆ ತೊಡಿಸಿದಳು. ಏನಾದರೂ ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಎಳೆಗೂಸಿಗೆ ನೋವೇ ಗೊತ್ತಾಗುವುದಿಲ್ಲ ಎಂದು ವೈದ್ಯಲೋಕ ನಂಬಿದ್ದ ಕಾಲವೊಂದಿತ್ತು. ಅದು ಬಹಳ ಹಿಂದಿನದೇನೂ ಅಲ್ಲ. 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲಿಯೂ ತಿಂಗಳು ತುಂಬದ ಮಕ್ಕಳಿಗೆ, ಸ್ನಾಯುಗಳು ಅಲುಗದಂತೆ ಮಾಡುವ ಔಷಧಿ ಮತ್ತು ನಗೆ ಅನಿಲ ಇಷ್ಟನ್ನೇ ಕೊಟ್ಟು, ಸಾಕಷ್ಟು ನೋವು ನಿವಾರಕವಿಲ್ಲದೆ ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡುವುದಿತ್ತು. ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ನಮ್ಮ ದೇಶದಿಂದ ಆಕ್ಸ್‌ಫರ್ಡ್‌ಗೆ ಹೋಗಿದ್ದ ವೈದ್ಯ ಕೆ.ಜೆ.ಎಸ್. ಆನಂದ್. ನೋವು ನಿವಾರಕವಾದ ಫೆಂಟನಿಲ್ ಕೊಟ್ಟ ಮಕ್ಕಳಿಗಿಂತ ಕೊಡದ ಮಕ್ಕಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಹೆಚ್ಚು ಏರುತ್ತವೆ, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಅವರಲ್ಲೇ ಹೆಚ್ಚು ಎಂದು ಅವರೂ ಅವರ ಸಂಗಡಿಗರೂ 1987ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ದೊಡ್ಡ ನೋವಿಗೆ ಔಷಧಿ ಬಂತು. ಸಣ್ಣ ನೋವು, ದಿನಕ್ಕೆ ಹತ್ತು ಸಲ ಆಗುವ ನೋವು, ಹಾಗೆಯೇ ಉಳಿಯಿತು. ಹಿಮ್ಮಡಿ ಚುಚ್ಚಿದಾಗಲೆಲ್ಲ ಮಾರ್ಫಿನ್ ಕೊಡಲಿಕ್ಕೆ ಆಗುವುದಿಲ್ಲವಲ್ಲ.

ಈ ಸಣ್ಣ ನೋವು ಕೂಸಿಗೆ ಸಣ್ಣದಲ್ಲ. ಗರ್ಭದ 24 ವಾರಗಳ ಹೊತ್ತಿಗೆಲ್ಲ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ದಾರಿ ಕೆಲಸ ಮಾಡತೊಡಗಿರುತ್ತದೆ. ಆ ಸುದ್ದಿಯನ್ನು ತಗ್ಗಿಸಲು ಮಿದುಳಿನಿಂದ ಕೆಳಗಿಳಿದು ಬರಬೇಕಾದ ದಾರಿ ಬಲಿಯುವುದು ಬಹಳ ತಡವಾಗಿ. ಬಾಗಿಲಿದೆ, ಅಗುಳಿ ಇನ್ನೂ ಕೂತಿಲ್ಲ ಎನ್ನಬಹುದು. ಮೇಲಾಗಿ ಬಹಳ ಬೇಗ ಹುಟ್ಟಿದ ಕೂಸಿಗೆ ಅಳುವ ಶಕ್ತಿಯೂ ಇರುವುದಿಲ್ಲ. ಅದು ಹುಬ್ಬು ಗಂಟಿಕ್ಕುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ, ಮೂಗಿನ ಪಕ್ಕದ ಗೆರೆ ಆಳವಾಗುತ್ತದೆ, ಎದೆಬಡಿತ ಏರುತ್ತದೆ, ಆಮ್ಲಜನಕದ ಅಂಕಿ ಇಳಿಯುತ್ತದೆ, ಅಥವಾ ಸುಮ್ಮನೆ ಮೈ ಸಡಿಲ ಬಿಡುತ್ತದೆ. ಅಳದ ಕೂಸನ್ನು ಕಂಡು "ಪಾಪ, ಒಳ್ಳೆಯ ಕೂಸು" ಎಂದು ನಾವು ಹೊಗಳುತ್ತಿದ್ದೆವು! ಕೆನಡಾದ ಸಂಶೋಧಕರು 1996ರಲ್ಲಿ ರೂಪಿಸಿದ ನೋವಿನ ಅಳತೆಗೋಲು, ಪಿಐಪಿಪಿ ಎಂದು ನೀವು ಪಠ್ಯದಲ್ಲಿ ಓದುತ್ತೀರಲ್ಲ ಅದು, ನಾನು ಈಗ ಹೇಳಿದವುಗಳಲ್ಲಿ ಮೊದಲ ಐದು ಲಕ್ಷಣಗಳ ಜೊತೆಗೆ ಕೂಸು ಎಚ್ಚರವಿದೆಯೋ ನಿದ್ದೆಯಲ್ಲಿದೆಯೋ ಎಂಬುದನ್ನೂ ಅದು ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಷ್ಟು ಎಳೆಯದೋ ಅಷ್ಟು ಹೆಚ್ಚು ಅಂಕ. ತೋರಿಸಲಾರದ ಕೂಸಿನ ನೋವನ್ನು ಕಡಿಮೆ ಎಂದು ಓದಬಾರದೆಂಬ ಎಚ್ಚರ ಆ ಲೆಕ್ಕದೊಳಗೇ ಇದೆ.

ಇನ್ನು ಎದೆಗವಚಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಕಾಂಗರೂ ತಾಯಿ ಆರೈಕೆ ಹುಟ್ಟಿದ್ದು ಕೊಲಂಬಿಯಾದ ಬೊಗೊಟಾದಲ್ಲಿ, 1978ರಲ್ಲಿ. ಇನ್‌ಕ್ಯುಬೇಟರುಗಳು ಸಾಲದೆ, ಒಂದೊಂದರಲ್ಲಿ ಇಬ್ಬರು ಮೂವರು ಮಕ್ಕಳನ್ನಿಟ್ಟು, ಸೋಂಕು ಹರಡಿ ಸಾವು ಹೆಚ್ಚಾಗಿದ್ದಾಗ ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟುವ ಕ್ರಮ ತಂದರು; ಹೆಕ್ಟರ್ ಮಾರ್ಟಿನೆಜ್ ಅದನ್ನು ಮುಂದುವರಿಸಿದರು. ಬಡತನದಿಂದ ಹುಟ್ಟಿದ ಉಪಾಯ ಎಂದು ಬಹಳ ಕಾಲ ಅದನ್ನು ಎರಡನೆಯ ದರ್ಜೆಯದಾಗಿ ಕಂಡರು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನದ ಫಲಿತಾಂಶ ಬಂದಾಗ ಆ ಮಾತು ನಿಂತಿತು: ಹುಟ್ಟಿದೊಡನೆ ಎದೆಗೆ ಹಾಕಿದ ಮಕ್ಕಳಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 12, ಕೂಸು ಸ್ಥಿರವಾಗಲಿ ಎಂದು ಕಾದವರಲ್ಲಿ 15.7. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ತಾನಾಗಿ ಉಸಿರಾಡಲಾರದ, ಆಘಾತಸ್ಥಿತಿಯಲ್ಲಿರುವ ಅಥವಾ ವೆಂಟಿಲೇಟರ್ ಬೇಕಾದ ಮಕ್ಕಳನ್ನು ಬಿಟ್ಟು, ಉಳಿದೆಲ್ಲ ತೂಕ ಕಡಿಮೆಯ ಮಕ್ಕಳಿಗೂ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ಆದಷ್ಟು ಬೇಗ ಶುರುವಾಗಬೇಕೆಂದು ಶಿಫಾರಸು ಮಾಡಿತು.

ಹೆಸರಿನ ಬಗ್ಗೆ ಒಂದು ಮಾತು. ಹೊನ್ನಾಳಿ ಕಡೆಯ ಅಜ್ಜಿಯೊಬ್ಬರು "ಕಾಂಗರೂ ಅಂದ್ರೆ ಯಾವ ಪ್ರಾಣಿನವ್ವಾ?" ಎಂದು ಕೇಳಿ, ನಾನು ವಿವರಿಸಿದ ಮೇಲೆ, "ನಮ್ಮ ಮಂಗ್ಯಾನೂ ಹಂಗೇ ಮರಿ ಕಟ್ಕೊಂಡು ಅಡ್ಡಾಡ್ತೈತಲ್ಲ, ಆಸ್ಟ್ರೇಲಿಯಾಕ್ಕೆ ಯಾಕ ಹೋಗಬೇಕಿತ್ತು?" ಎಂದರು. ಮಂಗನ ಮರಿ ತಾನೇ ತಾಯಿಯನ್ನು ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಹಿಡಿದು ಒಯ್ಯುತ್ತದೆ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಹಿರಿಯರು ಭಕ್ತಿಯ ವಿಚಾರದಲ್ಲಿ ಹೇಳುತ್ತಿದ್ದ ಈ ಭೇದ ನನಗೆ ಆಮೇಲೆ ಎಷ್ಟೋ ಸಲ ನೆನಪಾಗಿದೆ. ಒಂದೂಕಾಲು ಕಿಲೋದ ಕೂಸಿಗೆ ಹಿಡಿದುಕೊಳ್ಳುವ ಬಲವಿಲ್ಲ, ಆದ್ದರಿಂದ ಬಟ್ಟೆ ಕಟ್ಟುತ್ತೇವೆ. ಹಳೆಯ ಮೆತ್ತನೆಯ ಹತ್ತಿ ಪಂಚೆಗಿಂತ ಒಳ್ಳೆಯ ಕಟ್ಟು ಈವರೆಗೆ ನಾನು ಕಂಡಿಲ್ಲ. ಹತ್ತಿಗಿರಣಿಗಳಿಂದ ಹೆಸರಾಗಿದ್ದ ಊರಿನಲ್ಲಿ ನಿಂತು ಹೇಳುತ್ತಿರುವುದರಿಂದ ಇದರಲ್ಲಿ ಅಭಿಮಾನವೂ ಸ್ವಲ್ಪ ಬೆರೆತಿರಬಹುದು.

ಎದೆಗೆ ಹಾಕಿಕೊಂಡರೆ ನೋವೂ ಕಡಿಮೆಯಾಗುತ್ತದೆಯೇ ಎಂದು ಬೇರೆಯಾಗಿ ಪರೀಕ್ಷಿಸಿದ್ದು ಈ ಶತಮಾನದಲ್ಲಿ. 2000ದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ, ತಿಂಗಳು ತುಂಬಿ ಹುಟ್ಟಿದ ಮಕ್ಕಳ ಹಿಮ್ಮಡಿ ಚುಚ್ಚುವಾಗ ತಾಯಿಯ ಬರಿಮೈಗೆ ತಾಗಿದ್ದವರ ಅಳು ತೊಟ್ಟಿಲಲ್ಲಿದ್ದವರಿಗಿಂತ ನೂರಕ್ಕೆ 82ರಷ್ಟು ಕಡಿಮೆಯಾದದ್ದನ್ನು ಕಂಡರು. ತಿಂಗಳು ತುಂಬದ ಮಕ್ಕಳಲ್ಲಿ ಇದನ್ನು ನೋಡಿದವರಲ್ಲಿ ಮುಂಚೂಣಿಯವರು ಕೆನಡಾದ ಶುಶ್ರೂಷಾ ವಿಜ್ಞಾನಿ ಸೆಲೆಸ್ಟ್ ಜಾನ್‌ಸ್ಟನ್. ಅವರು ವೈದ್ಯರಲ್ಲ, ನರ್ಸ್; ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. 2003ರಲ್ಲಿ ಅವರ ತಂಡ 32ರಿಂದ 36 ವಾರದ ಮಕ್ಕಳನ್ನೂ, 2008ರಲ್ಲಿ 28ರಿಂದ 31 ವಾರದ ಮಕ್ಕಳನ್ನೂ ನೋಡಿತು. ಎರಡನೆಯ ಗುಂಪಿನಲ್ಲಿ ಚುಚ್ಚಿದ ನಂತರ ಏರಿದ ಎದೆಬಡಿತ ಮೊದಲಿನಂತಾಗಲು ಇನ್‌ಕ್ಯುಬೇಟರಿನಲ್ಲಿ ಸರಾಸರಿ 193 ಸೆಕೆಂಡು ಬೇಕಾದರೆ ತಾಯಿಯ ಎದೆಯ ಮೇಲೆ 123 ಸೆಕೆಂಡು ಸಾಕಾಯಿತು. ಎಪ್ಪತ್ತು ಸೆಕೆಂಡಿನ ವ್ಯತ್ಯಾಸ ಕೇಳಲಿಕ್ಕೆ ಅಲ್ಪ. ದಿನಕ್ಕೆ ಹತ್ತು ಸಲ, ಆರೇಳು ವಾರ ಎಂದು ಗುಣಿಸಿ ನೋಡಿ. 2017ರ ಹೊತ್ತಿಗೆ ಇಂಥ 25 ಅಧ್ಯಯನಗಳು, 2001 ಮಕ್ಕಳು ಒಂದು ಸಮೀಕ್ಷೆಗೆ ಸಿಕ್ಕರು. ಚರ್ಮಕ್ಕೆ ಚರ್ಮ ತಾಗಿದಾಗ ಚುಚ್ಚುವ ನೋವಿನ ಲಕ್ಷಣಗಳು ತಗ್ಗುತ್ತವೆ, ಇದರಿಂದ ಅಪಾಯವೇನೂ ಕಂಡುಬಂದಿಲ್ಲ ಎಂಬುದು ಆ ಸಮೀಕ್ಷೆಯ ತಾತ್ಪರ್ಯ. ಕಾರಣವಾಗಿ ಹಲವನ್ನು ಹೇಳುತ್ತಾರೆ: ಗರ್ಭದಲ್ಲಿ ಕೇಳಿ ಪಳಗಿದ ಎದೆಬಡಿತ, ತಾಯಿಯ ಮೈವಾಸನೆ, ಉಸಿರಿನ ಏರಿಳಿತ, ಮೃದುವಾದ ಸ್ಪರ್ಶಕ್ಕೆಂದೇ ಚರ್ಮದಲ್ಲಿರುವ ನಿಧಾನಗತಿಯ ನರತಂತುಗಳು, ಆಕ್ಸಿಟೋಸಿನ್ ಎಂಬ ಹಾರ್ಮೋನು. ಇವೆಲ್ಲ ಒಟ್ಟಿಗೇ ಒದಗುವ ಜಾಗ ಒಂದೇ.

ಇಷ್ಟೆಲ್ಲ ಕೂಸಿನ ಕಡೆಯಿಂದ ಆದ ಲೆಕ್ಕ. ತಾಯಿಯ ಕಡೆಯಿಂದ ಅದು ಹೇಗಿರುತ್ತದೆ ಎಂಬುದನ್ನು ನಾನು ಕಲಿತದ್ದು ತಾಯಂದಿರಿಂದಲೇ.

ಮೊದಲನೆಯವಳು ಜಗಳೂರು ಕಡೆಯ ಹುಡುಗಿ. 30 ವಾರದ ಕೂಸು, 1,200 ಗ್ರಾಂ. ಒಂಬತ್ತನೆಯ ದಿನ ಅದನ್ನು ಮೊದಲ ಸಲ ಎದೆಯ ಮೇಲೆ ಮಲಗಿಸಿದಾಗ, ಜೋರಾಗಿ ಉಸಿರಾಡಿದರೆ ಜಾರಿಬೀಳುತ್ತದೇನೋ ಎಂಬಂತೆ ಉಸಿರು ಬಿಗಿಹಿಡಿದು ಕೂತಿದ್ದಳು. ಅಷ್ಟರಲ್ಲಿ ಸಕ್ಕರೆ ನೋಡುವ ಹೊತ್ತಾಯಿತು. ಹಳೆಯ ಅಭ್ಯಾಸದಂತೆ ನಾನು ಕೂಸನ್ನು ಎತ್ತಲು ಕೈ ನೀಡಿದೆ. ಹೊಸದಾಗಿ ಬಂದಿದ್ದ ಡಾಕ್ಟರ್, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, "ಎತ್ತಬೇಡಿ ಸಿಸ್ಟರ್, ಅಲ್ಲೇ ಮಾಡಿ" ಎಂದರು. ನನಗೆ ಒಳಗೊಳಗೇ ಸಿಟ್ಟು ಬಂತು. ನೆಲಕ್ಕೆ ಮಂಡಿಯೂರಿ, ಪಂಚೆಯ ಅಂಚಿನಿಂದ ಆ ಹೆಬ್ಬೆರಳಿನಷ್ಟು ಪಾದವನ್ನು ಹೊರಗೆ ತೆಗೆದು ಚುಚ್ಚಿದೆ. ಕೂಸು ಒಮ್ಮೆ ಸೆಟೆದು, ಕಾಲನ್ನು ಹಿಂದಕ್ಕೆಳೆದುಕೊಂಡು, ಬಾಯಿ ಅರ್ಧ ತೆರೆಯಿತು. ಆಮೇಲೆ ಮುಖವನ್ನು ಅವಳ ಎದೆಗೆ ಉಜ್ಜಿ ಸುಮ್ಮನಾಯಿತು. ನಾನು ರಕ್ತದ ಹನಿಯನ್ನು ಪಟ್ಟಿಗೆ ತಾಗಿಸುವುದರೊಳಗೆ ಎಲ್ಲ ಮುಗಿದಿತ್ತು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೆ ಮುಖದಲ್ಲಿ ದುಃಖವಿರಲಿಲ್ಲ. ಸಂಜೆ ಹೇಳಿದಳು: "ಅಕ್ಕಾ, ಹೊಟ್ಟೆ ಒಳಗ ಒದ್ದಂಗಾತು. ಅದಿನ್ನೂ ಒಳಗೇ ಐತೇನೋ ಅನ್ನಿಸ್ತು." ಏಳನೆಯ ತಿಂಗಳಲ್ಲಿ ತುಂಡಾದ ಬಸುರು ಅವಳಿಗೆ ಅಲ್ಲಿ ಮುಂದುವರಿದಿತ್ತು. ಯಾವ ಅಳತೆಗೋಲಿನಲ್ಲೂ ಇದಕ್ಕೆ ಅಂಕವಿಲ್ಲ.

ಎರಡನೆಯವರು ಇದೇ ಊರಿನ ಶಾಲಾ ಶಿಕ್ಷಕಿ. ಓದಿದವರು, ಗಂಟೆಗಟ್ಟಲೆ ಕೂಸನ್ನು ಎದೆಗೆ ಹಾಕಿಕೊಂಡು ಕೂರುತ್ತಿದ್ದವರು. ಆದರೆ ಚುಚ್ಚುವ ಹೊತ್ತಿಗೆ ಮಾತ್ರ ಕೂಸನ್ನು ತಿರುಗಿ ಕೊಟ್ಟುಬಿಡುತ್ತಿದ್ದರು. ಕಾರಣ ಕೇಳಿದಾಗ, "ಅದಕ್ಕೆ ಇರುವುದು ಇದೊಂದೇ ಜಾಗ. ನೋವೂ ಇಲ್ಲೇ ಆಗುತ್ತೆ ಅಂತ ತಿಳ್ಕೊಂಡುಬಿಟ್ಟರೆ?" ಎಂದರು. ನಾನು ಗಡಿಬಿಡಿಯಲ್ಲಿ ಪುಸ್ತಕದ ಉತ್ತರ ಕೊಟ್ಟೆ. ಆ ಉತ್ತರ ಸುಳ್ಳೇನಲ್ಲ: ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಮತ್ತೆ ಮತ್ತೆ ತಾಯಿಯ ಎದೆಯ ಮೇಲೆಯೇ ಚುಚ್ಚಿದ ಮಕ್ಕಳಲ್ಲಿ ಆ ಸಾಂತ್ವನದ ಗುಣ ಕುಂದುವುದಿಲ್ಲ, ನೋವು ತಗ್ಗಿಸಲೆಂದು ಬಾಯಿಗೆ ಸಕ್ಕರೆ ದ್ರಾವಣ ಕೊಟ್ಟಷ್ಟೇ ಪರಿಣಾಮ ಅದರಿಂದಲೂ ಇರುತ್ತದೆ ಎಂದು 2019ರ ಕೆನಡಾದ ಅಧ್ಯಯನವೊಂದು ತೋರಿಸಿದೆ. ಆದರೂ ಅವರ ಪ್ರಶ್ನೆಯನ್ನು ನಾನು ಮೂಢನಂಬಿಕೆ ಎಂಬಂತೆ ತಳ್ಳಿಹಾಕಿದ್ದು ತಪ್ಪು. ಒಂಬತ್ತು ತಿಂಗಳ ಬಸುರನ್ನು ಆರೂವರೆಗೇ ಕಳೆದುಕೊಂಡವರಿಗೆ ತಮ್ಮ ಮೈಯ ಮೇಲಿನ ನಂಬಿಕೆ ಹೋಗಿರುತ್ತದೆ. ಈ ಮೈ ಒಮ್ಮೆ ಕೈಕೊಟ್ಟಿದೆ, ಮತ್ತೊಮ್ಮೆ ಕೊಡದೆಂಬ ಭರವಸೆ ಏನು ಎಂಬ ಅಳುಕು ಆ ಪ್ರಶ್ನೆಯ ಬುಡದಲ್ಲಿತ್ತು. ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಕೂಸು ಮಂಚದ ಮೇಲೆಯೇ ಇರಲಿ. ಅವರು ಒಂದು ಅಂಗೈಯಲ್ಲಿ ತಲೆಯನ್ನೂ ಇನ್ನೊಂದರಲ್ಲಿ ಮಡಿಸಿದ ಕಾಲುಗಳನ್ನೂ ಗೂಡಿನಂತೆ ಒತ್ತಿ ಹಿಡಿಯಲಿ. ಇದೂ ನೋವು ತಗ್ಗಿಸುವ ಕ್ರಮವೇ. ನಾಲ್ಕನೆಯ ದಿನ, ಯಾರೂ ಕೇಳದೆ, ಅವರೇ ನೈಟಿಯ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಒರಗಿ, "ಇವತ್ತು ಇಲ್ಲೇ ಮಾಡಿ. ನಾನು ಕಣ್ಣು ಮುಚ್ಚಿಕೊಳ್ತೀನಿ" ಎಂದರು. ಕಣ್ಣು ಮುಚ್ಚಿಕೊಳ್ಳಲು ಅವಕಾಶ ಇರಬೇಕು. ಸೂಜಿಯನ್ನು ನೋಡಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ತಾಯಿಯನ್ನು ಒಳಗೆ ಕರೆದರೆ ಅವಳು ಒಳಗಿನವಳಾಗುತ್ತಾಳೆ ಎಂಬುದೂ ನಮಗೆ ಮೊದಲು ಹೊಳೆದಿರಲಿಲ್ಲ. ದಿನಕ್ಕೆ ಎಂಟು ಗಂಟೆ ಕೂಸನ್ನು ಹೊತ್ತವಳಿಗೆ ಅದರ ಉಸಿರಿನ ಲಯ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. "ಈಗ ಬೇಡ ಸಿಸ್ಟರ್, ಈಗಷ್ಟೇ ಕಣ್ಣು ಹತ್ತೈತಿ", "ಬಿಲಿರುಬಿನ್ನಿಗೆ ಬೇರೆ, ಸಕ್ಕರೆಗೆ ಬೇರೆ ಅಂತ ಎರಡು ಸಲ ಯಾಕ ಚುಚ್ತೀರಿ, ಒಂದೇ ಸಲ ಆಗಲ್ಲೇನು?" ಎಂದು ಅವಳು ಕೇಳತೊಡಗುತ್ತಾಳೆ. ಹಿರಿಯ ನರ್ಸುಗಳಿಗೆ ಇದು ಹಿಡಿಸುವುದಿಲ್ಲ, ನನಗೂ ಹಿಡಿಸಿರಲಿಲ್ಲ. ಆದರೆ ಎರಡನೆಯ ಪ್ರಶ್ನೆಯ ನಂತರ ನಾವು ಲೆಕ್ಕ ಹಾಕಿ ನೋಡಿದಾಗ ಎಷ್ಟೋ ಪರೀಕ್ಷೆಗಳನ್ನು ಒಂದೇ ಚುಚ್ಚಿಗೆ ಕೂಡಿಸಬಹುದಿತ್ತು. ಚುಚ್ಚದೆ ಇರುವುದಕ್ಕಿಂತ ಒಳ್ಳೆಯ ನೋವು ನಿವಾರಕ ಇಲ್ಲ.

ಇದನ್ನೆಲ್ಲ ತಾಯಿಯ ಕರ್ತವ್ಯವೆಂದು ಬೋಧಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಸಿಸೇರಿಯನ್ ಆದ ಮೂರನೆಯ ದಿನ, ಬೆನ್ನು ಒರಗಿಸಲಾಗದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಎರಡು ಗಂಟೆ ಕೂತು, ಎದ್ದಾಗ ಹೊಲಿಗೆಯಿಂದ ರಕ್ತ ಒಸರಿದ ತಾಯಿಯನ್ನು ನಾನು ನೋಡಿದ್ದೇನೆ. ಕೂಸಿನ ನೋವಿಗೆ ಅಂಕ ಹಾಕುತ್ತಿದ್ದ ನಮ್ಮಲ್ಲಿ ಒಬ್ಬರೂ ಅವಳ ನೋವಿಗೆ ಮಾತ್ರೆ ಕೊಟ್ಟಿದ್ದಾರೆಯೇ ಎಂದು ಕೇಳಿರಲಿಲ್ಲ. ಹಿಂದಕ್ಕೆ ಒರಗುವ ಕುರ್ಚಿ ಬೇಕು. ಗಂಡಸರು ಓಡಾಡುವ ಕೋಣೆಯಲ್ಲಿ ಕುಪ್ಪಸ ಬಿಚ್ಚಿ ಕೂರು ಎನ್ನುವ ಮೊದಲು ಪರದೆ ಬೇಕು. ಬಾಣಂತಿಗೆ ಥಂಡಿ ತಾಗಬಾರದು ಎಂದು ಅತ್ತೆ ಗಲಾಟೆ ಮಾಡಿದರೆ ಅದನ್ನು ನಗೆಯಾಡದೆ, ಎಸಿಯ ಗಾಳಿ ನೇರ ಬೀಳದ ಮೂಲೆ ಹುಡುಕಿ, ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಾಲಿಗೆ ಸಾಕ್ಸ್, ಕೂಸಿಗೆ ಕುಲಾವಿ ಹಾಕಿ ಕೂರಿಸಿದರೆ ಅದೇ ಅತ್ತೆ ಮರುದಿನ ತಾನೇ ಸೊಸೆಯನ್ನು ಕರೆತರುತ್ತಾಳೆ. ಒಬ್ಬ ಅತ್ತೆಯಂತೂ ಸೊಸೆ ಮಲಗಿದ ಹೊತ್ತಿನಲ್ಲಿ ತಾನೇ ಮೊಮ್ಮಗಳನ್ನು ಎದೆಗೆ ಕಟ್ಟಿಕೊಂಡರು.

ನಮ್ಮ ಕಷ್ಟವನ್ನೂ ಮುಚ್ಚಿಡುವುದಿಲ್ಲ. ಮಂಡಿಯೂರಿ ಚುಚ್ಚಿದರೆ ಸೊಂಟ ಹಿಡಿಯುತ್ತದೆ. ಗಿಡ್ಡ ಸ್ಟೂಲು, ಕೈಗೆಟಕುವ ದೀಪ ಇದ್ದರೆ ಅರ್ಧ ಸಮಸ್ಯೆ ತೀರುತ್ತದೆ. ಸಮಯ ಸಾಲದು ಎಂಬುದು ನಿಜವಾದ ದೂರು. ಚುಚ್ಚುವ ಹದಿನೈದು ನಿಮಿಷ ಮೊದಲಾದರೂ ಕೂಸು ತಾಯಿಯ ಎದೆಯ ಮೇಲಿರಬೇಕು, ಚುಚ್ಚಿದ ನಂತರವೂ ಅಲ್ಲಿಯೇ ಉಳಿಯಬೇಕು. ಹಾಗಾಗಿ ಕೂಸು ಎದೆಯ ಮೇಲಿರುವ ಹೊತ್ತಿಗೇ ರಕ್ತ ಪರೀಕ್ಷೆಯ ಸಮಯವನ್ನು ಹೊಂದಿಸಿಕೊಳ್ಳಬೇಕೇ ಹೊರತು ನಮ್ಮ ಪಾಳಿಗೆ ತಕ್ಕಂತೆ ಕೂಸನ್ನು ಎತ್ತಿಟ್ಟು ಮಾಡಬಾರದು. ಕೂಸಿನ ನಿಲುವು ನಿಮಗೆ ಗೊತ್ತೇ ಇದೆ: ಎರಡು ಮೊಲೆಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಮಡಿಸಿದ ಕಾಲು, ಒಂದು ಪಕ್ಕಕ್ಕೆ ತಿರುಗಿಸಿ ತುಸು ಎತ್ತಿದ ಮುಖ. ಹಿಮ್ಮಡಿಯ ನಡುಭಾಗವನ್ನು ಬಿಟ್ಟು ಅಂಚಿನಲ್ಲಿ ಚುಚ್ಚಬೇಕು. ಬಟ್ಟೆಯ ಮಡಿಕೆಯಲ್ಲಿ ಕಾಲು ಸಿಕ್ಕಿದಾಗ ಅಂಚು ತಪ್ಪುವ ಅಪಾಯ ಹೆಚ್ಚು, ಎಚ್ಚರವಿರಲಿ. ಉಸಿರಾಟದ ನಳಿಕೆ ಹಾಕುವುದು, ಎದೆಗೆ ಕೊಳವೆ ಇಳಿಸುವುದು, ಶಸ್ತ್ರಚಿಕಿತ್ಸೆ ಇವುಗಳಿಗೆ ಔಷಧಿಯೇ ಬೇಕು. ತಾಯಿಯ ಎದೆ ಇದೆಯಲ್ಲ ಎಂದು ಔಷಧಿ ಉಳಿಸುವುದು ಅಪರಾಧ.

ಬರಲಾಗದ ತಾಯಂದಿರ ಮಾತನ್ನೂ ಹೇಳಬೇಕು. ಊರಿನಲ್ಲಿ ಮೂರು ವರ್ಷದ ಇನ್ನೊಂದು ಮಗು, ಕೂಲಿ ತಪ್ಪಿದರೆ ಅಡುಗೆಯಿಲ್ಲದ ಮನೆ, ಬಸ್ಸಿಗೆ ಎರಡು ಗಂಟೆ. ಇಂಥವಳಿಗೆ ಎದೆಯ ಬಿಸಿಯ ಮಹಿಮೆಯನ್ನು ವರ್ಣಿಸಿದರೆ ಅವಳ ತಲೆಯ ಮೇಲೆ ಇನ್ನೊಂದು ತಪ್ಪನ್ನು ಹೊರಿಸಿದಂತೆ ಆಗುತ್ತದೆ. "ಹಂಗಾದ್ರೆ ಇಷ್ಟು ದಿನ ಅದು ಒಬ್ಬಂಟಿಯಾಗಿ ನೋವು ತಿಂತೇನು?" ಎಂದು ಒಬ್ಬಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಂಥ ಕಡೆ ತಂದೆಯನ್ನು ಕರೆಯಿರಿ. ತಂದೆಯ ಎದೆಯೂ ಕೆಲಸ ಮಾಡುತ್ತದೆ. ತಾಯಿಯದಕ್ಕಿಂತ ತುಸು ಕಡಿಮೆ ಎಂದು ಅಧ್ಯಯನ ಹೇಳಿದರೂ ಬರಿಯ ಪೆಟ್ಟಿಗೆಗಿಂತ ವಾಸಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿಯಲ್ಲಿ ಚೀಲ ಹೊರುತ್ತಿದ್ದ ಹಮಾಲಿಯೊಬ್ಬರು ಪ್ರತಿದಿನ ಸಂಜೆ ಮನೆಗೆ ಹೋಗಿ ಸ್ನಾನ ಮಾಡಿ ಬಂದು, ಅಂಗಿ ಬಿಚ್ಚಲು ನಾಚಿ, ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. ಕ್ವಿಂಟಲುಗಟ್ಟಲೆ ಹೊತ್ತ ಹೆಗಲು ಒಂದೂವರೆ ಕಿಲೋ ಹೊತ್ತು ನಡುಗುತ್ತಿತ್ತು.

ಮಾತು ಮುಗಿದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಎದ್ದು, ಇದೆಲ್ಲ ಆಸ್ಪತ್ರೆಯವರಿಗಾಯಿತು, ಅಂಗನವಾಡಿಯಲ್ಲಿ ಲಸಿಕೆ ಹಾಕಿಸುವ ನಮಗೇನು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೂ ಲಸಿಕೆಯನ್ನು ಹುಟ್ಟಿದ ದಿನದಿಂದ ಎಣಿಸಿ ಆರು, ಹತ್ತು, ಹದಿನಾಲ್ಕು ವಾರಗಳಿಗೇ ಹಾಕುತ್ತೇವೆ. ಹಿಮ್ಮಡಿಯ ಕಾಲ ಮುಗಿದು ತೊಡೆಯ ಕಾಲ ಶುರುವಾಗಿರುತ್ತದೆ. ಮೇಜಿನ ಮೇಲೆ ಮಲಗಿಸಿ ಇಬ್ಬರು ಕೈಕಾಲು ಒತ್ತಿ ಹಿಡಿಯಬೇಡಿ, ತಾಯಿಯೇ ಎತ್ತಿಕೊಂಡಿರಲಿ. ಚುಚ್ಚುವ ಸ್ವಲ್ಪ ಮೊದಲು ಅಥವಾ ಚುಚ್ಚುವಾಗಲೇ ಮೊಲೆಯೂಡಲಿ. ಭೇದಿ ತಡೆಯುವ ಸಿಹಿಯಾದ ರೋಟಾ ಲಸಿಕೆಯ ಹನಿಯನ್ನು ಮೊದಲು ಬಾಯಿಗೆ ಹಾಕಿ, ಸೂಜಿ ಆಮೇಲೆ ಬರಲಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿಯೇ ಹೇಳಿರುವ ಮಾತುಗಳಿವು, ಇವಕ್ಕೆ ಖರ್ಚಿಲ್ಲ. ಅವರು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು, "ನಮ್ಮೂರಾಗ ಸೂಜಿ ಹಾಕೋವಾಗ ಅವ್ವಂದಿರೇ ಹೊರಗೆ ಓಡಿಹೋಗ್ತಾರ್ರಿ ಮೇಡಂ" ಎಂದರು. ಓಡಲಿಕ್ಕೆ ಕಲಿಸಿದವರು ನಾವೇ ಎಂದೆ. ಬರುವ ಲಸಿಕೆಯ ದಿನ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿ ನೋಡುತ್ತೇನೆ ಎಂದು ಅವರು ಕೂತರು.